ಫೋನ್ ಹಿಡಿದು ನಿಂತಿದ್ದ ಗಂಡ

ನನ್ನ ಮಾತಿನ ಬಲದಿಂದಲೇ ಆ ಹುಡುಗಿ ಉಳಿದಳು ಅಂತ ನಂಜನಗೂಡಿನ ನಮ್ಮ ಬೀದಿಯಲ್ಲಿ ಈಗಲೂ ಹೇಳುತ್ತಾರೆ. ನಿಜವೇ? ಅಲ್ಲ. ಬದುಕಿದ್ದ ಮನುಷ್ಯನೊಬ್ಬನನ್ನು ಸತ್ತನೆಂದು ಹೇಳಿಸಿ ನಾನು ಹಣ ಎತ್ತಿದೆ.

ಹೆಮ್ಮಿಗೆಯ ನಿಂಗಮ್ಮಕ್ಕ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು. ಗಂಡ ಸಿದ್ದರಾಜಣ್ಣನಿಗೆ ತಾಂಡ್ಯದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಮಗಳ ಹೃದಯದಲ್ಲಿ ತೂತು. ಆಪರೇಷನ್ ಮಾಡಿಸುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಆನ್‌ಲೈನಿನಲ್ಲಿ ನೆರವು ಕೇಳಲು ವಿಡಿಯೊ ಮಾಡಿಕೊಡುತ್ತೇನೆಂದು ಹೋದವನು ನಾನು — ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು, ಜನ ಯಾವುದಕ್ಕೆ ಕರಗುತ್ತಾರೆಂದು ಬಲ್ಲೆ ಅಂದುಕೊಂಡವನು. ಗಟ್ಟಿಮುಟ್ಟಾದ ಗಂಡ ಪಕ್ಕದಲ್ಲಿ ನಿಂತಿದ್ದರೆ ಯಾರು ಕೊಡುತ್ತಾರೆ?

"ಅಣ್ಣ ಇಲ್ಲ ಅಂತ ಹೇಳೋಣ. ಅಕ್ಕ, ತಾಳಿ, ಕುಂಕುಮ ತೆಗೀಬೇಕಾಗುತ್ತೆ" ಅಂದೆ.

ಅಕ್ಕನ ಕೈ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ಕೊನೆಗೆ ಸಿದ್ದರಾಜಣ್ಣನೇ, "ತಗ್ದುಬುಡಮ್ಮಿ. ನಾ ಇಲ್ಲೇ ಇವ್ನಿ, ಎಲ್ಲೋದನು? ಮಗ್ಳು ಉಳ್ಕಳ್ಳಿ" ಅಂದರು. ನನ್ನ ಕಡೆ ತಿರುಗಿ, "ಸತ್ತೋನ್ಗೂ ಒಂದ್ ಲೋಟ ಟೀ ಸಿಕ್ಕದಾ ಕೇಳಪ್ಪ" ಎಂದು ನಕ್ಕರು. ಫೋನು ಅಲುಗದಂತೆ ಹಿಡಿದವರೂ ಅವರೇ. ಅವರನ್ನೇ ನೋಡುತ್ತ ಅಕ್ಕ 'ಯಜಮಾನ್ರು ತೀರೋದ್ರು' ಅಂದರು. ಆಗ ಬಂದ ಅಳು — ಅದು ನಟನೆಯಾಗಿರಲಿಲ್ಲ.

ಆಪರೇಷನ್ ಆಯಿತು. ಹುಡುಗಿ ಈಗ ಏದುಸಿರಿಲ್ಲದೆ ಸ್ಕೂಲಿಗೆ ಓಡುತ್ತಾಳೆ. ಇಷ್ಟು ಸಾಲದೇ ಎಂದು ನನ್ನೊಳಗೇ ವಾದಿಸಿ ಗೆಲ್ಲುತ್ತ ಬಂದೆ. ಆದರೆ ನಿಜ ಹೇಳಿದ್ದರೆ ಹಣ ಬರುತ್ತಿರಲಿಲ್ಲ ಅನ್ನುವುದಕ್ಕೆ ನನ್ನ ಬಳಿ ಪುರಾವೆ ಏನಿತ್ತು? ಎದುರಾಳಿಗಳನ್ನು ಕೆಡವುತ್ತಿದ್ದ ಪ್ರಶ್ನೆ ಇದು — ನನಗೇ ಒಮ್ಮೆಯೂ ಹಾಕಿಕೊಳ್ಳಲಿಲ್ಲ.

ಮೊನ್ನೆ, ನಿಜ ಹೇಳಿಬಿಡಲು ಸಿದ್ದರಾಜಣ್ಣನ ಒಪ್ಪಿಗೆ ಕೇಳಿದೆ. "ಯೋಳ್ಬುಡಪ್ಪ, ಸತ್ತೂ ಸತ್ತೂ ಸಾಕಾಯ್ತು" ಅಂದರು. ಹಣ ಕೊಟ್ಟಿದ್ದ ಎಲ್ಲರಿಗೂ ನಿಜ ಬರೆದು ಕಳಿಸಿದೆ. ಕೆಲವರು ಬೈದರು — ಬೈಯಬೇಕಾದ್ದೇ. ಒಬ್ಬ ಹೆಂಗಸು ಮಾತ್ರ, "ಸದ್ಯ, ಆ ಮಗೂಗೆ ಅಪ್ಪ ಇದಾರಲ್ಲ" ಎಂದು ಬರೆದರು. ಓದಿ, ಬಹಳ ದಿನದ ಮೇಲೆ ಎದೆ ಹಗುರವಾಯಿತು. ಗಂಡ ಬದುಕಿದ್ದರೆ ಯಾರೂ ಕರಗುವುದಿಲ್ಲವೆಂಬ ನನ್ನ ವಾದ ಅಲ್ಲಿಗೆ ಬಿದ್ದುಹೋಯಿತು; ಸೋತದ್ದಕ್ಕೆ ಇಷ್ಟು ನಿರಾಳವಾಗುತ್ತದೆಂದು ಗೊತ್ತಿರಲಿಲ್ಲ.

ಆದರೆ ನಿಂಗಮ್ಮಕ್ಕ, ಅಂದು ವಿಡಿಯೊ ಮುಗಿದ ಕೂಡಲೇ ನೀವು ಗೋಡೆಗೆ ಮುಖ ಮಾಡಿ ತಾಳಿ ಹಾಕಿಕೊಂಡಿರಿ. ಅಣ್ಣ ನಗುತ್ತಲೇ ಇದ್ದರು, ನೀವು ನಗಲಿಲ್ಲ. ಅವರು ಕೆಲಸದಿಂದ ಬರುವುದು ಸ್ವಲ್ಪ ತಡವಾದರೂ ನೀವು ಈಗಲೂ ಬಾಗಿಲಲ್ಲೇ ನಿಂತಿರುತ್ತೀರಂತೆ — ಅಂದು ನಾನು ಹೇಳಿಸಿದ ಆ ಮಾತಿನಿಂದಲೇ, ಅಕ್ಕ?