ಪಾವಣೇರ ಕಪ್‌ಬಸಿ

ನಿಪ್ಪಾಣಿಯ ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಮಾಸ್ತರು ಒಂದು ಶಬ್ದ ಕೊಟ್ಟು, ಅದೇ ಅರ್ಥದ ಇನ್ನಾರು ಶಬ್ದ ಬರೆಸುತ್ತಿದ್ದರು. ‘ಗೆಸ್ಟ್’ ಬಂದ ದಿನ ನನಗೆ ಇಂಗ್ಲಿಷಿನವು ಎರಡೇ ಹೊಳೆದವು. ಉಳಿದ ಜಾಗಕ್ಕೆ ಅತಿಥಿ, ನೆಂಟ, ಬೀಗ, ಪಾವಣೇರು ಎಂದು ತುಂಬಿಸಿಬಿಟ್ಟೆ. ಮಾಸ್ತರು ನಕ್ಕು ಅರ್ಧ ಮಾರ್ಕು ಕೊಟ್ಟರು. ನನಗೋ ಸಿಟ್ಟು. ನಾನು ಬರೆದದ್ದರಲ್ಲಿ ತಪ್ಪೇನಿತ್ತು?

ಈಗ ಯೋಚಿಸಿದರೆ ಅವು ಒಂದೇ ಅರ್ಥದ ಶಬ್ದಗಳಲ್ಲ. ಅತಿಥಿ ಅಂದರೆ ಶಾಲೆಯ ಗ್ಯಾದರಿಂಗಿಗೆ ಬಂದು ಹಾರ ಹಾಕಿಸಿಕೊಂಡು ಮಕ್ಕಳು ಆಕಳಿಸುವವರೆಗೆ ಮಾತಾಡುವವರು. ನೆಂಟ ಪುಸ್ತಕದಲ್ಲಿದ್ದ, ನಮ್ಮ ಓಣಿಗೆ ಎಂದೂ ಬರಲಿಲ್ಲ. ಬೀಗರಿಗೆ ಎಷ್ಟು ಉಪಚಾರ ಮಾಡಿದರೂ ಒಂದು ಕಡಿಮೆಯೇ. ಗೆಸ್ಟ್ ಇದ್ದದ್ದು ಸಕ್ಕರೆ ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲಿ ಮಾತ್ರ. ಉಳಿದವರೆಲ್ಲ ಪಾವಣೇರು. ಗುರುತಿಲ್ಲದವರಿಗೂ ಬಸ್ಸಿನಲ್ಲಿ “ಸರದ ಕುಂದರ್ರಿ ಪಾವಣೇರ” ಅನ್ನುತ್ತಿದ್ದರು. ಆ ಶಬ್ದದಲ್ಲಿ ಮರ್ಯಾದೆಯೇ ತುಂಬಿದೆ ಎಂದು ನಾನು ತಿಳಿದಿದ್ದೆ.

ಎಂಬತ್ತರ ದಶಕದ ಕೊನೆಗೆ ನನ್ನನ್ನು ರಾಯಬಾಗ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಎರಡು ಖೋಲಿಯ ಮನೆ. ಒಂದು ನನಗೂ ಗಂಡನಿಗೂ, ಇನ್ನೊಂದರಲ್ಲಿ ಅಡುಗೆ ಮತ್ತು ಅತ್ತೆಯ ಹಾಸಿಗೆ. ಗೋಡೆಯ ಫಳಿಯ ಮೇಲೆ ಹೂವಿನ ಚಿತ್ರದ ಆರು ಕಪ್ಪು, ಆರು ಬಸಿ ಬೋರಲಾಗಿದ್ದವು. ದಿನಾ ಚಹಾ ಕುಡಿಯುವುದು ವಾಟಗವೆಂಬ ಸ್ಟೀಲಿನ ಸಣ್ಣ ಬಟ್ಟಲಿನಲ್ಲಿ. ತವರಿನಲ್ಲಿ ಕೆಲಸದವರಿಂದ ಹಿಡಿದು ಅಜ್ಜನವರೆಗೆ ಎಲ್ಲರೂ ಕಪ್‌ಬಸಿಯಲ್ಲೇ ಕುಡಿಯುತ್ತಿದ್ದೆವು. ಇಲ್ಲಿ ಒಡೆದೀತೆಂದು ಎತ್ತಿಟ್ಟಿರಬೇಕು ಅಂದುಕೊಂಡೆ. ಮದುವೆಯಾಗಿ ಎರಡು ತಿಂಗಳು, ಕೇಳುವುದಕ್ಕೆ ಸಂಕೋಚ.

ಒಂದು ಮಧ್ಯಾಹ್ನ ನನ್ನ ಗಂಡನ ಅಕ್ಕ ಬಂದರು. ಅವರನ್ನು ಉಗಾರ ಬುದ್ರುಕಿನ ಒಂದು ಒಕ್ಕಲು ಮನೆಗೆ ಕೊಟ್ಟು ಏಳು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಗಂಡನಿಗೆ ಇನ್ನೊಂದು ಮದುವೆ ಮಾಡುವ ಮಾತು ಆ ಮನೆಯಲ್ಲಿ ನಡೆದಿತ್ತೆಂದು ನಮಗೆಲ್ಲ ಗೊತ್ತಿತ್ತು. ಕೈಯಲ್ಲಿ ಟ್ರಂಕು. ಎರಡು ದಿನಕ್ಕೆ ಬಂದವರು ಟ್ರಂಕು ತರುವುದಿಲ್ಲ. ಅತ್ತೆ ಹೊಲಕ್ಕೆ ಹೋಗಿದ್ದರು. ಗಂಡ ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಗೆ ಹೋದವರು ಮರುದಿನವೇ ಬರುವುದು. ಮನೆಯಲ್ಲಿ ನಾನೊಬ್ಬಳೇ.

ಅವರ ಮೋರೆ ಬಾಡಿತ್ತು. ಏಲಕ್ಕಿ ಜಜ್ಜಿ ಹಾಕಿ ಚಹಾ ಮಾಡಿದೆ. ಫಳಿಯಿಂದ ಎರಡು ಕಪ್‌ಬಸಿ ಇಳಿಸಿ, ತೊಳೆದು, ಸೋಸಿ ಕೊಟ್ಟೆ. ಅಕ್ಕ ಕಪ್ಪನ್ನೇ ನೋಡುತ್ತ ಕುಳಿತರು. ಆಮೇಲೆ ಒಂದು ಹನಿ ಚೆಲ್ಲದ ಹಾಗೆ ಬಸಿಗೆ ಸುರಿದುಕೊಂಡು ಕುಡಿದರು. ಟ್ರಂಕನ್ನು ಬಾಗಿಲ ಹತ್ತಿರದಿಂದ ಒಳಗೆ ಸರಿಸಲಿಲ್ಲ.

“ಸುಮ್ನ ನೋಡಾಕಂತ ಬಂದಿನವಾ. ಮುಂಜಾನೆ ಹೋಗ್ತೀನಿ,” ಅಂದರು.

ನಾನು “ಹೂಂ” ಅಂದೆ. ಅದೇಕೆ ಹಾಗಂದೆನೋ ಎಂದು ಬಹಳ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ. ನಿಜ ಹೇಳುವುದಾದರೆ, ಆ ಟ್ರಂಕನ್ನು ನೋಡಿದಾಗಿನಿಂದ ನಾನು ಎರಡು ಖೋಲಿಗಳ ಲೆಕ್ಕ ಹಾಕುತ್ತಿದ್ದೆ. ಹೋಗುತ್ತೇನೆ ಅಂದಾಗ ನನ್ನ ಎದೆ ಹಗುರಾಯಿತು.

ಸಂಜೆ ಅತ್ತೆ ಬಂದು ಮಗಳನ್ನು ಅಪ್ಪಿಕೊಂಡು ಅತ್ತರು, “ಇನ್ನೆರಡ ದಿನಾ ಇದ್ದ ಹೋಗು” ಅಂದರು. ಮುಂಜಾನೆ ಅಕ್ಕ ಟ್ರಂಕು ಎತ್ತಿಕೊಂಡು ಹೊರಟುಹೋದರು. ಅವರು ಹೋದ ಮೇಲೆ, ತೊಳೆದಿಟ್ಟ ಕಪ್ಪುಗಳು ಅತ್ತೆಯ ಕಣ್ಣಿಗೆ ಬಿದ್ದವು.

“ನಿನ್ನೆ ಯಾವ ಪಾವಣೇರ ಬಂದಿದ್ರು?”

“ಯಾರೂ ಇಲ್ರಿ. ಅಕ್ಕಗ ಚಾ ಕೊಟ್ಟಿದ್ನಿ.”

ಅತ್ತೆ ಒಂದು ಕಪ್ಪನ್ನು ಕೈಗೆತ್ತಿಕೊಂಡರು. “ಮನಿ ಮಗಳಿಗೆ ಪಾವಣೇರ ಕಪ್ಪಿನ್ಯಾಗ ಚಾ ಕೊಟ್ಟಿ?” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಮನೆಯಲ್ಲಿ ವಾಟಗ ಕೊಟ್ಟರೆ ನೀನು ನಮ್ಮವಳು, ಕಪ್‌ಬಸಿ ಕೊಟ್ಟರೆ ನಾಳೆ ಹೊರಡುವವಳು. ನನಗೆ ಅದು ಗೊತ್ತಾದದ್ದು ಆಗ.

ಮುಂದಿನ ವರ್ಷ ಅಕ್ಕನ ಗಂಡನ ಎರಡನೇ ಮದುವೆಯಾಯಿತು. ಅತ್ತೆ ಹೋಗಲಿಲ್ಲ, ಆ ಕಪ್‌ಬಸಿಗಳನ್ನು ಮತ್ತೆ ಮುಟ್ಟಲೂ ಇಲ್ಲ. ಮೂರು ವರ್ಷದ ನಂತರ ತೀರಿಕೊಂಡರು.

ತೊಂಬತ್ತರ ದಶಕದ ನಡುವೆ ಅಕ್ಕನಿಗೆ ಜಡ್ಡು ಜೋರಾಗಿದೆ ಎಂದು ಸುದ್ದಿ ಬಂತು. ರಾಯಬಾಗದಿಂದ ರೈಲಿನಲ್ಲಿ ಹೋಗಿ ಉಗಾರ ಖುರ್ದಿನಲ್ಲಿಳಿದು, ಬುದ್ರುಕಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅಕ್ಕನಿಗೆ ದನದ ಕೊಟ್ಟಿಗೆಯ ಪಕ್ಕದ ಖೋಲಿ ಕೊಟ್ಟಿದ್ದರು. ಮೈಯಲ್ಲಿ ಮಾಂಸವೇ ಇರಲಿಲ್ಲ. ಅವರ ಸವತಿ, ಪಾಪ ಒಳ್ಳೆಯ ಹೆಂಗಸು, ನನಗೆಂದು ಕಪ್‌ಬಸಿಯಲ್ಲಿ ಚಹಾ ತಂದಳು. ಅಕ್ಕ ಗೋಡೆ ಹಿಡಿದು ಎದ್ದು ಕುಳಿತು, “ಆಕಿ ಪಾವಣೇರಾಕಿ ಅಲ್ಲವಾ, ನಮ್ಮಾಕಿ” ಅಂದರು. ತಮ್ಮ ತಲೆದೆಸೆಯಲ್ಲಿದ್ದ ವಾಟಗಕ್ಕೆ ಚಹಾ ಸುರಿದು ನನ್ನ ಕೈಗೆ ಕೊಟ್ಟರು.

ನನಗೆ ಅಳು ತಡೆಯಲಾಗಲಿಲ್ಲ. “ಅಕ್ಕಾ, ನಮ್ಮ ನಿಪ್ಪಾಣ್ಯಾಗ ಎಲ್ಲಾರೂ ಕಪ್ಪಿನ್ಯಾಗ ಕುಡೀತಾರ್ರಿ. ನನಗ ಗೊತ್ತಿರಲಿಲ್ರಿ” ಅಂದೆ.

“ಗೊತ್ತೈತಿ ತಂಗಿ. ನಿನ್ನ ಮದಿವ್ಯಾಗ ನಿಮ್ಮನಿಗೆ ಬಂದಾಗ ನೋಡಿದ್ನಲ್ಲ. ಕಪ್ಪಿಂದೇನೂ ಇಲ್ಲ.” ದಮ್ಮು ಹತ್ತಿ ಗೋಡೆಗೆ ಒರಗಿದರು. “ಅವ್ವ ಇನ್ನೆಷ್ಟ ದಿನಾ ಇರಾಕಿ? ಮುಂದ ಆ ಮನಿ ನಿಂದ. ನಾ ಹೋಗ್ತೀನಂದಾಗ ನೀ ಬ್ಯಾಡ ಅಂತೀ ಏನೋ ಅಂತ ನೋಡಿದ್ನಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

“ಈಗ ನಡೀರಿ ಅಕ್ಕಾ, ನಮ್ಮ ಮನಿಗಿ ಹೋಗೂಣು.”

“ಈಗ ಬಂದ್ರ ಪಾವಣೇರಾಗೇ ಬರಬೇಕಾಕ್ಕೈತಿ,” ಅಂದರು ಅಕ್ಕ. “ಚಾ ಆರತೈತಿ, ಕುಡಿ.”