ಹೂಜಿಯ ಮೂತಿ

ಆ ಹೂಜಿಗೆ ಸುಳ್ಳು ಮೂತಿ ಕೂಡಿಸಿದವಳು ನಾನು, ಸರ್. ಕೈತಪ್ಪಿ ಆದದ್ದಲ್ಲ, ತಿಳಿಯದೆ ಮಾಡಿದ್ದೂ ಅಲ್ಲ. ನಾಲ್ಕು ಜನರ ಮುಂದೆ ನಿಮ್ಮ ಮಾನ ಹೋಗಲಿ ಎಂದೇ, ವರ್ಷಗಟ್ಟಲೆ ಕಾದು, ಕೈಯಾರೆ ಮಾಡಿದ್ದು. ಮಾಡಿದ ದಿನ ಖುಷಿಯಾಗಿತ್ತು — ಅದನ್ನೂ ಮುಚ್ಚಿಡುವುದಿಲ್ಲ.

ಈ ಕಾಗದವನ್ನು ನಿಮ್ಮ ಮಗಳು ನಿಮಗೆ ಓದಿ ಹೇಳುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರಿಗೂ ತಿಳಿಯಬೇಕು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಹೊಳೆಆಲೂರಿನಲ್ಲಿ ಮಲಪ್ರಭೆಯ ಮಹಾಪೂರ ಇಳಿದ ಮೇಲೆ, ಗಡಿಗೆಯ ಮಣ್ಣಿಗಾಗಿ ದಂಡೆ ಅಗೆಯುತ್ತಿದ್ದ ನಮ್ಮಪ್ಪನಿಗೆ ಆ ಹೂಜಿ ಸಿಕ್ಕಿತು. ಮೂತಿ ಇರಲಿಲ್ಲ, ಹೊಟ್ಟೆ ಮೂರು ಹೋಳಾಗಿತ್ತು. ಆದರೆ ಕೆಂಪು ಮೈಮೇಲಿನ ಬಿಳಿ ಗೆರೆಗಳು ನಿನ್ನೆ ಎಳೆದಂತಿದ್ದವು. ಅಪ್ಪ ಕುಂಬಾರ, ಇದು ತನ್ನ ಅಜ್ಜ ಮುತ್ತಜ್ಜರ ಕಾಲಕ್ಕಿಂತಲೂ ಹಳೆಯದೆಂದು ಬೆರಳಾಡಿಸಿಯೇ ಹೇಳಿದ. ಹಳೆಯ ಧೋತರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರೋಣಕ್ಕೆ ತಂದು, ನೀವು ನೋಡಿಕೊಳ್ಳುತ್ತಿದ್ದ ಚಿಕ್ಕ ವಸ್ತುಸಂಗ್ರಹಾಲಯಕ್ಕೆ ಕೊಟ್ಟ. ನೀವು ಚಹಾ ಕುಡಿಸಿ ಕಳಿಸಿದಿರಿ. ಮುಂದಿನ ಸಲ ಅಪ್ಪನ ಜೊತೆ ನಾನೂ ಹೋದಾಗ ಹೂಜಿ ಗಾಜಿನ ಕಪಾಟಿನಲ್ಲಿತ್ತು. ಕೆಳಗಿನ ಚೀಟಿಯಲ್ಲಿ, ಶೋಧಿಸಿದವರು ಎಂಬಲ್ಲಿ, ನಿಮ್ಮ ಹೆಸರಿತ್ತು.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಚೀಟಿ ಓದಿ ಹೇಳಿದವಳು ನಾನೇ. ಅವನು ಸಂಕೋಚಪಡುತ್ತ ನಿಮ್ಮನ್ನು ಕೇಳಿದ. ಅಂದು ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಅವರ ಎದುರಿಗೇ ನೀವು ನಗುತ್ತ ಅಂದಿರಿ:

“ಮಣ್ಣ ಅಗಿಯಾಂವಗ ಹೆಸರ ಯಾಕ ಬೇಕಪಾ?”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನೀವು ಆ ಮಾತನ್ನು ಅಲ್ಲೇ ಮರೆತಿರಬೇಕು. ನಾನು ಮಾತ್ರ ಅಪ್ಪನ ಆ ನಗುವನ್ನು ಇವತ್ತಿಗೂ ಮರೆತಿಲ್ಲ.

ನಾನು ಓದು ಮುಗಿಸಿದ ಮೇಲೆ, ಕುಂಬಾರರ ಮಗಳಿಗೆ ಕೈ ಚಲೋ ಇರುತ್ತದೆಂದು ನೀವೇ ಕರೆದು, ಒಡೆದ ಮಡಕೆ-ಹೂಜಿಗಳ ಬೋಕಿಗಳನ್ನು ಜೋಡಿಸುವ ಕೆಲಸ ಕೊಟ್ಟಿರಿ. ಬೇಸರಿಸದೆ ಕಲಿಸಿದಿರಿ. ಇಲ್ಲದ ಭಾಗ ತುಂಬಿದರೆ ಅದರ ಬಣ್ಣ ಒಂದಿಷ್ಟು ಮಾಸಲಾಗಿರಬೇಕು; ಹಳೆಯದು ಯಾವುದು, ನಮ್ಮದು ಯಾವುದು ಎಂದು ನೋಡುವವರಿಗೆ ತಿಳಿಯಬೇಕು. ಹಚ್ಚಿದ ಅಂಟು ಬೇಕೆಂದಾಗ ಬಿಡುವಂತಿರಬೇಕು. ಇವೆರಡನ್ನು ತಪ್ಪಿದವರು ಈ ಕೆಲಸಕ್ಕೆ ಕೈ ಹಾಕಬಾರದು ಎನ್ನುತ್ತಿದ್ದಿರಿ. ನಾನು ತಲೆಯಾಡಿಸುತ್ತಿದ್ದೆ, ದಾರಿ ಕಾಯುತ್ತಿದ್ದೆ.

ದಾರಿಯನ್ನೂ ನೀವೇ ತೋರಿಸಿದಿರಿ. ನಿಮ್ಮ ಮೇಜಿನ ಮೇಲೆ ಹೊರದೇಶದ ವಸ್ತುಸಂಗ್ರಹಾಲಯಗಳ ಹೂಜಿಗಳ ಚಿತ್ರಗಳಿದ್ದ ದಪ್ಪ ಪುಸ್ತಕವಿತ್ತು. ಕಣ್ಣು ಬರೆದ ಗ್ರೀಕರ ಹೂಜಿ, ನೀಲಿ ಹೂವಿನ ತುರ್ಕಿ ಹೂಜಿ, ಹಕ್ಕಿಯ ಕೊಕ್ಕಿನಂಥ ಮೂತಿಯ ಇರಾನಿನ ಹೂಜಿ. ಆ ಕೊಕ್ಕಿನ ಹೂಜಿಯ ಪುಟವನ್ನು ಮತ್ತೆ ಮತ್ತೆ ತೆರೆದು, ಅಲ್ಲಿಯ ಜನ ನಮ್ಮ ಮಲಪ್ರಭೆಯ ದಂಡೆಗೂ ಬಂದಿರಲೇಬೇಕು, ಒಂದು ಸಾಕ್ಷಿ ಸಿಕ್ಕರೆ ಸಾಕು ಎನ್ನುತ್ತಿದ್ದಿರಿ. ಸಾಕ್ಷಿಯನ್ನು ನಾನು ಮಾಡಿಕೊಟ್ಟೆ.

ಅಪ್ಪನ ಮಣ್ಣಿನಲ್ಲೇ ಕೊಕ್ಕಿನ ಮೂತಿ ತಿದ್ದಿದೆ. ಅವನ ಆವಿಗೆಯಲ್ಲೇ ಸುಟ್ಟೆ. ಒಂದು ಮಳೆಗಾಲ ತಿಪ್ಪೆಯಲ್ಲಿ ಹುಗಿದಿಟ್ಟು ತೆಗೆದು, ಮೇಲೆ ನೀರು ತಾಗಿದರೆ ಬಿಡುವಂಥ ಬಿಳಿ ಗೆರೆ ಎಳೆದೆ. ಆಮೇಲೆ ಅಪ್ಪ ಅಗೆದ ಹಳೆಯ ಕುಣಿಯಲ್ಲಿ ಸಿಕ್ಕಿತೆಂದು ತಂದು ನಿಮ್ಮ ಅಂಗೈಯಲ್ಲಿಟ್ಟೆ. ನಿಮ್ಮ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ನೀವು ಪರೀಕ್ಷಿಸಲೇ ಇಲ್ಲ — ನನ್ನನ್ನು ನಂಬಿದಿರಿ. ನಾನು ಎಂದೂ ಬಿಡದ ಅಂಟು ಹಚ್ಚಿ ಅದನ್ನು ಹೂಜಿಗೆ ಕೂಡಿಸಿದೆ. ಬೆಸುಗೆಯ ಗೆರೆ ಕಾಣದಂತೆ ಬಣ್ಣ ಬಳಿದೆ.

ಅದನ್ನು ನೋಡಲು ಧಾರವಾಡದಿಂದ ಪಂಡಿತರು ಬಂದರು. ನೀವು ಹೊಸ ಕೋಟು ಹಾಕಿಕೊಂಡಿದ್ದಿರಿ. ಅವರಲ್ಲೊಬ್ಬರು ಒದ್ದೆ ಅರಿವೆಯಿಂದ ಮೂತಿಯನ್ನು ಒರೆಸಿದರು. ಬಿಳಿ ಗೆರೆ ಅರಿವೆಗೆ ಬಂತು. ನೀವು ನನ್ನ ಕಡೆ ತಿರುಗಿ, ಮೆಲ್ಲಗೆ, “ಇದು ಎಲ್ಲಿ ಸಿಕ್ಕಿತ್ತು, ಹೇಳವಾ ಗಂಗವ್ವ” ಅಂದಿರಿ. ನಾನು ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟೆ:

“ನೀವು ಹೇಳಿದಂಗ ಮಾಡೇನ್ರಿ ಸರ.”

ಆಗ ಅಲ್ಲಿದ್ದವರು ನಿಮ್ಮನ್ನು ನೋಡಿ ನಕ್ಕರು. ನನಗೆ ಅದೇ ಬೇಕಾಗಿತ್ತು. ಕಣ್ತುಂಬ ನೋಡಿದೆ.

ಮುಂದಿನ ವಾರ ನೀವು ಕೆಲಸ ಬಿಟ್ಟು ಗಜೇಂದ್ರಗಡದ ಮಗಳ ಮನೆಗೆ ಹೋದಿರಿ. ನಿಮ್ಮ ಕುರ್ಚಿ ನನಗೆ ಬಂತು. ಸೇಡು ತೀರಿತೆಂದು ಊರಿಗೆ ಓಡಿಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಹಿಗ್ಗಲಿಲ್ಲ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ:

“ನನ್ನ ಹೂಜಿ ಈಗ ಎಲ್ಲೈತಿ?”

ಮೂತಿ ಖೊಟ್ಟಿಯಾದರೆ ಹೂಜಿಯೂ ಖೊಟ್ಟಿಯೇ ಎಂದು ಪಂಡಿತರು ಬರೆದು ಹೋಗಿದ್ದರು. ಅದು ಮುರಿದ ಕುರ್ಚಿಗಳ ಜೊತೆ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ಅದನ್ನು ಅಪ್ಪನಿಗೆ ಹೇಳದೆ ರೋಣಕ್ಕೆ ಮರಳಿದೆ. ಸಾಯುವವರೆಗೂ ಅವನು ಮತ್ತೆ ಕೇಳಲಿಲ್ಲ.

ಹೋದ ವಾರ ನಿಮ್ಮ ಮನೆಗೆ ಬಂದದ್ದು ಇದನ್ನೆಲ್ಲ ಹೇಳಲಿಕ್ಕೇ. ನಿಮಗೆ ಕಣ್ಣು ಪೂರ್ತಿ ಹೋಗಿದೆಯೆಂದು ಗೊತ್ತಿರಲಿಲ್ಲ. ದನಿಯಿಂದಲೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿರಿ. ಬೈಯುತ್ತೀರಿ, ಆಗ ನಾನೂ ಬೈದು ಹಗುರಾಗುತ್ತೇನೆ ಅಂದುಕೊಂಡಿದ್ದೆ. ನೀವು ನನ್ನ ಕೈ ಹಿಡಿದು ಕೇಳಿದಿರಿ:

“ಖರೇನ ಆ ಮೂತಿ ಮಾಡಂತ ನಾನ ಹೇಳಿದ್ನೇನ ಗಂಗವ್ವ? ಎಲ್ಲಾರೂ ಹಂಗ ಅಂತಾರ. ನನಗ ಈಗ ನೆನಪ ಬರವಲ್ದು.”

ನಾನು ಚಹಾ ಕುಡಿದು ಎದ್ದು ಬಂದೆ. ಹೇಡಿ.

ಸೋಮವಾರ ಆಡಳಿತ ಮಂಡಳಿಯವರ ಮುಂದೆ ಇದನ್ನೆಲ್ಲ ಬರೆದು ಸಹಿ ಮಾಡಿ ಕೊಡುತ್ತೇನೆ. ಕುರ್ಚಿಯನ್ನೂ ಬಿಡುತ್ತೇನೆ. ಮೂತಿ ತೆಗೆಯಲು ಹೋದರೆ ಹೂಜಿಯ ಕುತ್ತಿಗೆಯೂ ಒಡೆದು ಬರುತ್ತದೆ. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಅಪ್ಪನಿಗೆ ನೀವಂದ ಮಾತನ್ನು ನಾನು ಇನ್ನೂ ಕ್ಷಮಿಸಿಲ್ಲ, ಸರ್. ಕ್ಷಮಿಸುತ್ತೇನೋ ಇಲ್ಲವೋ, ಅದು ಬೇರೆ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ನಿಮ್ಮ ನೆನಪು ಕೆಟ್ಟಿಲ್ಲ. ನೀವು ಹೇಳಿರಲಿಲ್ಲ.