ಡಬ್ಬದ ಪಕ್ಕ ನಿಂತ ಸೋಮವಾರ

ಡಿಸೆಂಬರ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳೂವರೆ ಗಂಟೆ. ಸಕಲೇಶಪುರದ ನಮ್ಮ ಬೀದಿಯ ಹಿಟ್ಟಿನ ಮಿಲ್ಲಿನ ಮುಂದೆ ಇದ್ದವರು ನಾನು, ಮಿಲ್ಲು ನಡೆಸುವ ಹೆಂಗಸು, ಬಾಡಿಗೆಗೆ ಕಾಯುತ್ತಿದ್ದ ಆಟೋದವನು. ಉಳಿದವರ ಪರವಾಗಿ ಅವರವರ ಡಬ್ಬಗಳಿದ್ದವು.

ಡಬ್ಬ ಇಡುವುದು ನಮ್ಮ ಬೀದಿಯ ಪದ್ಧತಿ. ಬೆಳಗಾಗುತ್ತಲೇ ರಾಗಿಯನ್ನೋ ಅಕ್ಕಿಯನ್ನೋ ತುಂಬಿದ ಡಬ್ಬವನ್ನು ಮಿಲ್ಲಿನ ಜಗುಲಿಯ ಮೇಲೆ ಸಾಲಿನಲ್ಲಿಟ್ಟು ಮನೆಗೆ ಹೋಗುತ್ತೇವೆ. ಮಧ್ಯಾಹ್ನ ಬಂದು ಹಿಟ್ಟು ಒಯ್ಯುತ್ತೇವೆ. ಡಬ್ಬದ ಮೇಲೆ ಹೆಸರು ಬರೆಯುವುದಿಲ್ಲ. ಪೇಂಟಿನ ಬಕೆಟ್ಟು ಯಾರದು, ಮುಚ್ಚಳ ಕಳೆದುಹೋಗಿ ತಟ್ಟೆ ಮುಚ್ಚಿಕೊಂಡು ಬರುವ ಬಿಸ್ಕತ್ತಿನ ಡಬ್ಬ ಯಾರದು ಎಂದು ಎಲ್ಲರಿಗೂ ಗೊತ್ತು. ಒಬ್ಬರ ಡಬ್ಬವನ್ನು ಹಿಂದೆ ತಳ್ಳಿ ಇನ್ನೊಬ್ಬರು ಮುಂದೆ ಇಟ್ಟಿದ್ದನ್ನು ನಾನು ಕಂಡಿಲ್ಲ. ದೋಣಿಗಲ್ ಕಡೆಯ ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ಗಂಟೆಯ ಸದ್ದಿಗೆ ತಕ್ಕಂತೆ ಬದುಕಿ, ನಿವೃತ್ತಳಾಗಿ ಈ ಬೀದಿಗೆ ಬಂದಾಗ ನನಗೆ ಮೊದಲು ಹಿಡಿಸಿದ್ದು ಈ ಶಿಸ್ತು.

ಆ ಬೀದಿ ಈಗ ಬೇರೆ ಆಗಿದೆ. ಸೈಕಲ್ ಶಾಪಿನಲ್ಲಿ ಬೆಟ್ಟ ಹತ್ತುವವರಿಗೆ ಟೆಂಟು, ರೇನ್‌ಕೋಟು ಬಾಡಿಗೆಗೆ ಕೊಡುತ್ತಾರೆ. ಕ್ಷೌರದಂಗಡಿಗೆ ಗಾಜಿನ ಬಾಗಿಲು ಬಂದು, ಒಳಗೆ ಹೋಗಲು ಹಳೆಯ ಗಿರಾಕಿಗಳು ಚಪ್ಪಲಿ ಬಿಡಬೇಕೋ ಬೇಡವೋ ಎಂದು ನಿಂತು ಯೋಚಿಸುತ್ತಾರೆ. ಮಹಡಿಯಿದ್ದ ಮನೆಗಳೆಲ್ಲ ಹೋಮ್‌ಸ್ಟೇ. ಶನಿವಾರ ಬಂತೆಂದರೆ ಕಾರುಗಳ ನಡುವೆ ಓರೆಯಾಗಿ ನಡೆಯಬೇಕು. ಇದರಲ್ಲಿ ನನಗೆ ದೂರೇನೂ ಇಲ್ಲ. ಚರಂಡಿಗೆ ಚಪ್ಪಡಿ ಬಿತ್ತು, ಬೀದಿದೀಪ ಉರಿಯತೊಡಗಿತು. ಮಿಲ್ಲಿನ ಪಕ್ಕದ ಕೆಫೆಯವನು ಹೆತ್ತೂರು ಕಡೆಯ ಕಾಫಿ ಬೆಳೆಗಾರರ ಮನೆಯವನು, ದಿನವೂ ತಾನೇ ಪೊರಕೆ ಹಿಡಿದು ಅಂಗಡಿಯ ಮುಂದೆ ಗುಡಿಸುತ್ತಾನೆ. ಗುಡಿಸುವವರನ್ನು ನಾನು ಗೌರವಿಸುತ್ತೇನೆ. ಅವನು ಕೊಡುವ ಹಾಲಿಲ್ಲದ ಕಾಫಿಯನ್ನು ಮಾತ್ರ ಒಮ್ಮೆ ಕುಡಿದು ಸಾಕು ಮಾಡಿದೆ.

ಆ ಸೋಮವಾರ ಹಾಲಿಗೆಂದು ಹೊರಟು ಮಿಲ್ಲಿನ ಮುಂದೆ ಬಂದಾಗ ಮಿಲ್ಲಿನವಳ ಮುಖ ಬಾಡಿತ್ತು. ಏನಮ್ಮ ಎಂದು ಕೇಳಿದೆ.

"ಇವತ್ತು ಹತ್ತು ಗಂಟೆಗೆ ಯಜಮಾನ್ರು ಬರ್ತಾರಂತೆ ನರ್ಸಮ್ಮ. ಜಾಗ ಕೆಫೆಯವ್ರಿಗೆ ಕೊಡ್ಬೇಕು ಅಂತವ್ರೆ."

ಯಜಮಾನರೆಂದರೆ ಕಟ್ಟಡದ ಮಾಲೀಕರು, ಹಾಸನದಲ್ಲಿರುವವರು. ಮಿಲ್ಲು ಹೋದರೆ ಇವಳಿಗೆ ಬೇರೆ ಕಸುಬಿಲ್ಲ. ಗಂಡನ ಕಾಲದಿಂದ ಇದೇ ಅವಳ ಅನ್ನ.

"ಕಾರಣ ಏನಂತೆ?"

"ಮಿಲ್ಲಿಗೆ ಜನಾನೇ ಇಲ್ಲ ಅಂತಾರೆ. ಎರಡು ಸಲ ಬಂದಿದ್ರು. ಎರಡು ಸಲಾನೂ ಕರೆಂಟ್ ಇರ್ಲಿಲ್ಲ, ನಾನೊಬ್ಳೇ ಕೂತಿದ್ದೆ. ಡಬ್ಬ ನೋಡಿ, ಏನಮ್ಮ, ಗುಜರಿ ವ್ಯಾಪಾರಾನೂ ಶುರು ಮಾಡ್ಬುಟ್ಯಾ ಅಂದ್ರು."

ಆಟೋದವನು ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ತಪ್ಪು ಎಲ್ಲಿದೆ ಎಂದು ಕಂಡಿತು. ನಮ್ಮ ನಮ್ಮಲ್ಲಿ ಎಷ್ಟು ನಂಬಿಕೆಯೆಂದರೆ ಡಬ್ಬವಿಟ್ಟು ಎಲ್ಲರೂ ಮಾಯವಾಗುತ್ತೇವೆ. ನಮಗೆ ಅದು ತುಂಬಿದ ಸಾಲು. ಹೊರಗಿನಿಂದ ಬಂದವರಿಗೆ ಖಾಲಿ ಜಗುಲಿ.

"ನೀನು ಮಷೀನು ಒರೆಸು" ಎಂದು ಅವಳಿಗೆ ಹೇಳಿ ಮನೆಮನೆಗೆ ಹೊರಟೆ. ಹತ್ತು ಗಂಟೆಗೆ ಎಲ್ಲರೂ ಬಂದು ಅವರವರ ಡಬ್ಬದ ಪಕ್ಕ ನಿಲ್ಲಬೇಕು, ಅಷ್ಟೆ. ಡಬ್ಬ ಇಡದವರನ್ನು ಕರೆಯಲಿಲ್ಲ. ಸುಳ್ಳು ಜನ ಸೇರಿಸುವುದು ನನಗೆ ಆಗದ ಕೆಲಸ.

ಬಿಸ್ಕತ್ತಿನ ಡಬ್ಬದ ಒಡತಿ, ಬಟ್ಟೆ ಅಂಗಡಿಯ ಅಜ್ಜಿ, ಒಪ್ಪಲಿಲ್ಲ. "ಮಂಡಿನೋವು ಕಣಮ್ಮ. ಡಬ್ಬ ನಿಂತೈತಲ್ಲ ನನ್ನ ಬದ್ಲಿಗೆ."

"ಡಬ್ಬಕ್ಕೆ ಬಾಯಿಲ್ಲ ಅಜ್ಜಿ. ನಿಮಗಿದೆ."

"ಅದೊಂದು ಐತೆ" ಎಂದು ಸೊಸೆಯನ್ನು ಕುರ್ಚಿ ಹೊರಲು ಕರೆದರು.

ಕೊನೆಗೆ ಕೆಫೆಗೆ ಹೋದೆ. ಅವನಿಗೆ ತಿಳಿಸದೆ ಮಾಡುವುದು ಸರಿಯಲ್ಲ ಎನಿಸಿತು. ಅವನು ಕುರ್ಚಿ ಇಳಿಸುತ್ತಿದ್ದ. ವಿಷಯ ಹೇಳಿದೆ.

"ಸಿಸ್ಟರ್, ಜಾಗ ಬೇಡ ಅಂತ ಸುಳ್ಳು ಹೇಳಲ್ಲ. ಮಳೆ ಬಂದ್ರೆ ಜನ ಕೂರಿಸೋಕೆ ಜಾಗ ಸಾಲಲ್ಲ. ಆದ್ರೆ ನಿಜವಾದ ತೊಂದರೆ ಮೆಣಸಿನಕಾಯಿ. ಮೊನ್ನೆ ಅವರು ಖಾರದ ಪುಡಿ ಮಾಡ್ತಿದ್ದಾಗ ಮಂಗಳೂರಿನಿಂದ ಬಂದ ಒಂದು ಸಂಸಾರ ಪೂರ್ತಿ ಸೀನ್ತಾ ಎದ್ದು ಹೋಯ್ತು. ಕಾಫಿ ಹಾಗೇ ಇತ್ತು."

"ಇದನ್ನ ಅವಳಿಗೆ ಹೇಳಿದ್ರಾ?"

"ಇಲ್ಲ."

"ಗೋಡೆ ಒಂದೇ, ಮಾತು ಮಾತ್ರ ಹಾಸನ ಸುತ್ತಿ ಬರಬೇಕಾ?"

ಅವನು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ. ಆಮೇಲೆ ನನ್ನ ಹಿಂದೆಯೇ ಬಂದ.

ಹತ್ತು ಗಂಟೆಗೆ ಸ್ವಲ್ಪ ಮೊದಲು ಸಾಲು ನಿಂತಿತು. ಇಷ್ಟು ಜನ ಇದೇ ಮಿಲ್ಲಿಗೆ ಬರುತ್ತೇವೆಂದು ನಮಗೇ ಗೊತ್ತಿರಲಿಲ್ಲ. ಒಂದೇ ಬೀದಿಯಲ್ಲಿದ್ದೂ ತಿಂಗಳುಗಟ್ಟಲೆ ಮುಖ ನೋಡದವರು ಮಾತಿಗೆ ಬಿದ್ದರು. ಪಾಳ್ಯದ ತವರಿನಿಂದ ಹೊಸ ರಾಗಿ ತರಿಸಿಕೊಂಡ ಒಬ್ಬಾಕೆಯ ಡಬ್ಬದಿಂದ ಎಲ್ಲರೂ ಒಂದೊಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ತೀರ್ಪು ಕೊಟ್ಟರು. ಹೀಗೇ ತೀರ್ಪು ಕೊಟ್ಟರೆ ಮುದ್ದೆಗೆ ಉಳಿಯಲ್ಲ ಎಂದು ಆಕೆ ಮುಚ್ಚಳ ಹಾಕಿದಳು.

ಕರೆಂಟು ಇತ್ತು. ಮಷೀನು ಓಡುತ್ತಿತ್ತು. ಯಜಮಾನರು ಕಾರಿಳಿದು ನೇರ ಒಳಗೆ ನಡೆದರು.

"ಯಜಮಾನ್ರೇ, ಸಾಲೈತೆ" ಎಂದರು ಕುರ್ಚಿಯಲ್ಲಿದ್ದ ಅಜ್ಜಿ. "ಹಿಂದೆ ನಿಂತ್ಕಳಿ."

ಅವರು ತಿರುಗಿ ನೋಡಿ, ಹೋಗಿ ಹಿಂದೆ ನಿಂತೇಬಿಟ್ಟರು. ಮುಂದೆ ತನ್ನ ಪೇಂಟಿನ ಬಕೆಟ್ಟಿನ ಪಕ್ಕ ನಿಂತಿದ್ದ ಆಟೋದವನನ್ನು, "ದಿನಾ ಇಷ್ಟು ಜನ ಇರ್ತಾರೇನಯ್ಯ?" ಎಂದು ಕೇಳಿದರು.

"ದಿನಾ ಇಷ್ಟು ಡಬ್ಬ ಇರ್ತವೆ ಸ್ವಾಮಿ. ಜನ ಇವತ್ತೇ ಬಂದಿರೋದು, ನೀವು ಬತ್ತೀರಿ ಅಂತ."

ಇವನು ಕೆಲಸ ಕೆಡಿಸಿದ ಎಂದುಕೊಂಡೆ. ಆದರೆ ಯಜಮಾನರು ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ಈ ಸಲ ಅವರು ನೋಡಿದ್ದು ಜಗುಲಿಯ ಮೇಲಿದ್ದ ಡಬ್ಬಗಳನ್ನು. "ಗುಜರಿ ಅಂದ್ಕೊಂಡಿದ್ದೆನಲ್ಲ ಮಾರಾಯ" ಎಂದರು.

ಆಮೇಲೆ ಒಳಗೆ ಮಾತಾಯಿತು. ಮಿಲ್ಲಿನವಳು ಮಷೀನು ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಳು. ಮೆಣಸಿನಕಾಯಿಯ ವಿಷಯವನ್ನು ಕೆಫೆಯವನೇ ಎತ್ತಿದ.

"ನಿಮ್ಮ ಅಂಗಡಿ ಮಂಗಳವಾರ ಬಾಗ್ಲು ಹಾಕ್ತೀರಲ್ಲ" ಎಂದಳು ಅವಳು. "ಖಾರ ಅವತ್ತೇ ಮಾಡ್ತೀನಿ. ಮೊದ್ಲೇ ಹೇಳಿದ್ರೆ ಮೊದ್ಲೇ ಮಾಡ್ತಿದ್ದೆ. ನಂಗೇನು ಸೀನು ಬರಾಕಿಲ್ವಾ?"

ಜಾಗದ ಮಾತು ಬಂದಾಗ ನಾನು ಏನೋ ಹೇಳಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು. ಹಿಂದಿನ ಕೋಣೆಯಲ್ಲಿ ಅವಳ ಗಂಡ ತಂದು ಹಾಕಿದ ಭತ್ತದ ಮಷೀನಿತ್ತು. ಭತ್ತ ತರುವವರು ಇಲ್ಲದೆ ಅದು ನಿಂತು ಬಹಳ ಕಾಲವಾಗಿತ್ತು. ಆದರೂ ಅವಳು ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ ಇಡುತ್ತಿದ್ದಳು.

"ಹಿಂದಿನ ಕೋಣೆ ಅವ್ರಿಗೆ ಕೊಡಿ" ಎಂದಳು. "ಮುಂದಿಂದು ನಂಗೆ ಇರ್ಲಿ. ಜಗಲಿ ಬಿಡಾಕಿಲ್ಲ."

ಯಜಮಾನರು ಕೆಫೆಯವನ ಮುಖ ನೋಡಿದರು. ಅವನು ಹಿಂದೆ ಹೋಗಿ ಕೋಣೆ ನೋಡಿ ಬಂದು, ಕಿಟಕಿಯಿಂದ ಬೆಟ್ಟ ಕಾಣುತ್ತೆ, ಸಾಕು ಎಂದ. ಹಾಗೇ ಆಗಲಿ ಎಂದರು ಯಜಮಾನರು. ಹೊರಡುವಾಗ, "ಮುಂದಿನ ಸಲ ನಾನೂ ಡಬ್ಬ ತರ್ತೀನಿ" ಎಂದರು. "ತಂದು ಹಿಂದೆ ಇಡಿ" ಎಂದರು ಅಜ್ಜಿ.

ಸಾಲು ಕರಗಿತು. ಮನೆಮನೆ ಸುತ್ತುವ ಗಡಿಬಿಡಿಯಲ್ಲಿ ನನ್ನ ಡಬ್ಬ ಮನೆಯಲ್ಲೇ ಉಳಿದಿತ್ತು. ತಂದು ಕೊನೆಯಲ್ಲಿಟ್ಟು ಪಕ್ಕದಲ್ಲಿ ನಿಂತೆ. ಮಿಲ್ಲಿನವಳು ಅದನ್ನು ಮೊದಲು ಎತ್ತಿಕೊಳ್ಳಲು ಬಂದಳು. ಬೇಡ, ಸಾಲಿದೆ ಎಂದೆ. ಹಿಂದಿನ ಕೋಣೆಯಲ್ಲಿ ಆಟೋದವನೂ ಕೆಫೆಯವನೂ ಭತ್ತದ ಮಷೀನು ಕದಲಿಸಲು ನೋಡುತ್ತಿದ್ದರು. ಅವಳು ಎರಡು ಬಾರಿ ಆ ಕಡೆ ತಿರುಗಿ ನೋಡಿದಳು. ಕೈ ಮಾತ್ರ ನಿಲ್ಲಿಸಲಿಲ್ಲ.

ಸಂಜೆ ಹಿಟ್ಟು ಜರಡಿ ಹಿಡಿದೆ. ತವುಡನ್ನು ಪಕ್ಕದ ಮನೆಯ ಹಸುವಿಗೆ ಕೊಟ್ಟೆ. ಜರಡಿ ಕೊಡವಿ ಮೊಳೆಗೆ ತೂಗುಹಾಕಿ, ಡಬ್ಬದ ಮುಚ್ಚಳ ಬಿಗಿಮಾಡಿ ಅದರ ಜಾಗದಲ್ಲಿಟ್ಟೆ.